ಬಾವಿ ಕಡೆಯ ಕಿಟಕಿ

ದೀಪ ಸ್ವಲ್ಪ ಸಣ್ಣ ಮಾಡಿ, ಹೇಳ್ತೀನಿ. ಇದು ನನ್ನ ದೊಡ್ಡಮ್ಮನ ಮಗಳಿಗೆ, ಅಕ್ಕನಿಗೆ ಆಗಿದ್ದು. ಮನೆಗಳ ನಕ್ಷೆ ಬರೆಯೋಳು ಅವಳು. ಭಾವ ತೀರಿಕೊಂಡ ವರ್ಷವೇ ಒಂದು ಕೆಲಸ ಒಪ್ಪಿಕೊಂಡಳು... ಊರಾಚೆ, ಗುಡ್ಡದ ಇಳಿಜಾರಲ್ಲಿ ಒಂದು ವಿಶ್ರಾಂತಿ ಮನೆ. ಕರೆಂಟ್ ಕಂಬ ಇಲ್ಲ, ನಲ್ಲಿ ಇಲ್ಲ. ಬಿಸಿಲಿಂದ ದೀಪ, ಮಳೆಯಿಂದ ನೀರು, ಅಲ್ಲೇ ಅಗೆದ ಮಣ್ಣಿಂದ ಗೋಡೆ. ಒಂದು ಮರಾನೂ ಕಡಿಯಬಾರದು ಅನ್ನೋದು ಅವಳ ಹಠ. ಗಾಳಿ ಯಾವ ಕಡೆಯಿಂದ, ಬಿಸಿಲು ಎಷ್ಟೊತ್ತಿಗೆ ಅಂತ ನೋಡೋಕೆ ಅಲ್ಲೇ ತಗಡಿನ ಶೆಡ್ಡಲ್ಲಿ ಉಳಕೊಂಡಳು. ಮೂರು ವಾರ. ಒಬ್ಬಳೇ.

"ಮಾತೇ ಮರೆತುಹೋಗ್ತಿತ್ತು ಕಣೇ. ಅಳತೆ ಟೇಪಿನ ಹತ್ರ ಮಾತಾಡ್ತಿದ್ದೆ" ಅಂದಳು ಆಮೇಲೆ.

ಒಂದು ರಾತ್ರಿ ಸಿಗ್ನಲ್ ಸಿಗೋ ಕೆಳಗಿನ ರಸ್ತೆಗೆ ಹೋಗಿ, ದೊಡ್ಡಮ್ಮನಿಗೆ ಫೋನ್ ಮಾಡಿ ವಾಪಸ್ ಬರ್ತಿದ್ದಳು. ಹಳೇ ಬಾವಿ ದಾಟಬೇಕು. ಅಲ್ಲಿ ಸದ್ದು... ಕಲ್ಲಿನ ಮೇಲೆ ಒದ್ದೆ ಪಾದ ಇಟ್ಟ ಹಾಗೆ. ಚಪ್... ಚಪ್... ಕಟ್ಟೆ ಮೇಲೆ ಯಾರೋ ಕೂತಿದ್ದಾರೆ.

"ಈ ಕಡೆ ಕಿಟಕಿ ಇಟ್ಟಿಲ್ಲ ನೀನು." ಹೆಂಗಸಿನ ದನಿ. ಪಿಸುಮಾತು.

ಅಕ್ಕ ಅಲ್ಲೇ ನಿಂತಳು. ನಿಜವೇ... ಚಳಿಗಾಳಿ ಬೀಸೋ ದಿಕ್ಕು ಅಂತ ಬಾವಿ ಕಡೆಗೆ ಬರೀ ಗೋಡೆ ಬರೆದಿದ್ದಳು. ಆ ನಕ್ಷೆ ಇನ್ನೂ ಯಾರಿಗೂ ತೋರಿಸಿರಲಿಲ್ಲ.

"ಯಾರಮ್ಮಾ ನೀವು?"

"ಇಲ್ಲೇ ಇರೋಳು."

"ಒಬ್ಬರೇನಾ?"

ಕಟ್ಟೆ ಮೇಲಿದ್ದೋಳು ಶೆಡ್ಡಿನ ಕಡೆ ತಿರುಗಿದಳು.

"ನೀನು ಬಂದಮೇಲೆ ದೀಪ ಕಾಣ್ತಿತ್ತು... ಗೋಡೆ ಎದ್ರೆ ಅದೂ ಇಲ್ಲ."

ಓಡಬೇಕಿತ್ತು. ಓಡಲಿಲ್ಲ. "ಭಯ ಆಯ್ತು. ಅದಕ್ಕಿಂತ ಜಾಸ್ತಿ ಅಳು ಬಂತು" ಅಂದಳು ನನ್ನ ಹತ್ರ. "ಇಡ್ತೀನಿ" ಅಂತ ಮಾತು ಕೊಟ್ಟು ಟಾರ್ಚ್ ಹಾಕಿದ್ದಾಳೆ. ಯಾರೂ ಇಲ್ಲ. ಕಟ್ಟೆ ಒಣಗಿತ್ತು.

ಕಟ್ಟೋವಾಗ ಮಾಲೀಕರು ರೇಗಿದರು. "ಚಳಿಗಾಳಿಗೆ ಕಿಟಕಿನಾ? ತಲೆ ಕೆಟ್ಟಿದೆಯೇನ್ರೀ?"

"ಕಿಟಕಿ ಬೇಡ ಅಂದ್ರೆ ನನ್ನ ನಕ್ಷೆ ವಾಪಸ್ ಕೊಡಿ."

ಕೊನೆಗೆ, ತೆರೆಯೋಕೆ ಬರದ ಹಾಗೆ ಒಂದೇ ದೊಡ್ಡ ಗಾಜು ಕೂರಿಸಿದರು.

ಹೋದ ಚಳಿಗಾಲ ನಾನೂ ಅಕ್ಕನ ಜೊತೆ ಹೋಗಿದ್ದೆ. ತಿಂಗಳಿಂದ ಮುಚ್ಚಿದ್ದ ಮನೆ. ಬೀಗ ತೆಗೆಯೋ ಮೊದಲು ಸುತ್ತ ಒಂದು ಸಲ ನೋಡೋಣ ಅಂತ ಬಾವಿ ಕಡೆ ಹೋದೆ. ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಮಂಜು... ಕೂತವರ ಮುಖದ ಎತ್ತರಕ್ಕೆ, ಅಂಗೈಯಗಲ. ಹೊರಗಿಂದ ಒರೆಸಿದೆ. ಹೋಗಲಿಲ್ಲ. ಬೀಗ ತೆಗೆದು ಒಳಗಿಂದ ಒರೆಸಿದೆ. ಹೋಯ್ತು.

ನಗಬೇಡಿ. ಈ ಬೆರಳಲ್ಲೇ ಒರೆಸಿದ್ದು ನಾನು. ಗಾಜು ಬೆಚ್ಚಗಿತ್ತು.