ಋಣದ ಸಾಲು

ಈ ಸಭೆಗೆ ಕಳೆ ಕೊಟ್ಟಿರುವ ಅಧ್ಯಕ್ಷರೇ, ವೇದಿಕೆ ತುಂಬ ಕುಳಿತಿರುವ ಗಣ್ಯರೇ, ಇಂದು ನಿವೃತ್ತರಾಗುತ್ತಿರುವ ನಮ್ಮ ಲೈಬ್ರರಿ ಮೇಡಂ ಅವರೇ, ಶಿಕ್ಷಕರೇ, ಹಿಂದಿನ ಸಾಲಿನಲ್ಲಿ ಆಗಲೇ ಗುಸುಗುಸು ಶುರು ಮಾಡಿರುವ ಮಕ್ಕಳೇ, ಮತ್ತು ನನ್ನ ಪ್ರೀತಿಯ ಸಭಿಕರೇ,

ನಾನು ಬಡಗಿ. ನಾಲ್ಕನೇ ತರಗತಿಯ ನಡುವೆಯೇ ಅಪ್ಪ ಕೈಗೆ ಉಳಿ ಕೊಟ್ಟು, "ಅಕ್ಷರ ಸಾಕು, ಇನ್ನು ಮರ ಓದು" ಅಂದ. ಹಾಗಾಗಿ ನನಗೆ ಭಾಷಣ ಬರುವುದಿಲ್ಲ, ಬೈಗುಳ ಬರುತ್ತದೆ. ಮುಖ್ಯ ಅತಿಥಿ ಅಂತ ಕರೆಯುವ ಮೊದಲು ಇದನ್ನು ಯೋಚಿಸಬೇಕಿತ್ತು.

ಕರೆದವರು ಯಾರು? ಈ ಶಾಲೆಯ ಕಾರ್ಯದರ್ಶಿಗಳು, ಅಂದರೆ ನನ್ನ ಅಳಿಯಂದಿರು. ಅಗೋ, ಮುಂದಿನ ಸಾಲಿನಲ್ಲಿ ಹಣೆ ಒರೆಸಿಕೊಳ್ಳುತ್ತಿದ್ದಾರೆ. ನನ್ನನ್ನೇ ಏಕೆ ಕರೆದರು? ಲೈಬ್ರರಿಯ ಕಪಾಟುಗಳನ್ನೆಲ್ಲ ಮಾಡಿದವನು ನಾನು. ಕರೆದದ್ದರ ಜೊತೆಗೆ ಒಂದು ಕೆಲಸವನ್ನೂ ಹಚ್ಚಿದರು: "ಮಾವ, ಮೇಡಂ ಹೋದ್ಮೇಲೆ ಆ ಜಾಗಕ್ಕೆ ಯಾರನ್ನೂ ತಗೊಳ್ತಿಲ್ಲ. ಈಗ ಎಲ್ಲಾ ಫೋನಲ್ಲೇ ಸಿಗುತ್ತಲ್ಲ! ಆ ಕಪಾಟುಗಳನ್ನ ನೀವೇ ಬಿಚ್ಚಿಕೊಟ್ರೆ ರೂಮು ಖಾಲಿ ಆಗುತ್ತೆ."

ಬಿಚ್ಚಬೇಕಂತೆ! ನಾನು!

ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ. ಮಾವ ವೇದಿಕೆಯ ಮೇಲೆ ಏನಾದರೂ ಒದರಿಬಿಟ್ಟಾನು ಅಂತ ಹೆದರಿ, ಅಳಿಯಂದಿರು ಭಾಷಣವನ್ನೂ ದಪ್ಪ ಅಕ್ಷರದಲ್ಲಿ ಅಚ್ಚು ಮಾಡಿಸಿ ಕೊಟ್ಟರು. "ನೋಡ್ಕೊಂಡು ಓದಿ ಸಾಕು ಮಾವ, ಒಂದು ಮಾತೂ ಸೇರಿಸ್ಬೇಡಿ." ಇಲ್ಲೇ ಜೇಬಿನಲ್ಲಿದೆ.

ನಿನ್ನೆ ಸಂಜೆ ಕೆಲಸದ ಶೆಡ್ಡಿನಲ್ಲಿ ಮರದ ಹೊಟ್ಟಿನ ನಡುವೆ ಕುಳಿತು ಅಭ್ಯಾಸ ಮಾಡಿದೆ. "ಎಷ್ಟೋ ಹಡಗುಗಳನ್ನು ಸುರಕ್ಷಿತವಾಗಿ ದಡ ಸೇರಿಸಿದವರು" ಎಂದು ಶುರುವಾಗುತ್ತದೆ. ಭೇಷ್ ಅಂದುಕೊಂಡೆ. ಮಕ್ಕಳೇ ಹಡಗು, ಮೇಡಂ ದಡ ಸೇರಿಸಿದರು. ಓದಿದವರು ಹೀಗೇ ತಾನೆ ಮಾತಾಡುವುದು? ಮುಂದಿನ ಸಾಲು: "ಬಿರುಗಾಳಿ ಬೀಸಿದರೂ ಇವರು ಕ್ರೇನಿನಿಂದ ಕೆಳಗಿಳಿದವರಲ್ಲ." ಇಲ್ಲಿ ಸ್ವಲ್ಪ ತಡೆದೆ. ನಮ್ಮ ಮೇಡಂ ಸ್ಟೂಲು ಹತ್ತಿದರೇ ತಲೆ ಸುತ್ತುತ್ತದೆ ಅನ್ನುವವರು. ಆ ಸ್ಟೂಲು ಮಾಡಿದವನೂ ನಾನೇ!

ಪಕ್ಕದಲ್ಲಿ ಮೊಮ್ಮಗಳಿದ್ದಳು, ಅಳಿಯಂದಿರ ಮಗಳು, ಇದೇ ಶಾಲೆಯಲ್ಲಿ ಓದುವವಳು. ಕೇಳಿದಳು:

"ತಾತಾ, ಇದು ಯಾರ ಮಾತು?"

"ಇನ್ಯಾರದ್ದು? ನಿಮ್ಮಪ್ಪಂದೇ ಕಣೇ."

"ಅಪ್ಪಂಗೆ ಹೇಗೆ ಗೊತ್ತು? ಬೇರೆ ಯಾರಾದ್ರೂ ಹೇಳಿದಾರಾ, ಮೇಡಂ ಕ್ರೇನ್ ಹತ್ತಿದ್ರು ಅಂತ?"

ನನ್ನ ಫೋನ್ ಕಿತ್ತುಕೊಂಡಳು, ಆ ಸಾಲನ್ನು ಹುಡುಕಿದಳು, ನನ್ನ ಮೂಗಿನ ಮುಂದೆ ಹಿಡಿದಳು. ಯಾವುದೋ ಬಂದರಿನಲ್ಲಿ ನಿವೃತ್ತರಾದ ಯಾರೋ ನೌಕರರ ಬೀಳ್ಕೊಡುಗೆ ಭಾಷಣ! 'ಬಂದರು' ಇದ್ದಲ್ಲಿ 'ಗ್ರಂಥಾಲಯ' ಕೂರಿಸಿದ್ದಾರೆ, ಕ್ರೇನು ಹಾಗೇ ಉಳಿದುಬಿಟ್ಟಿದೆ! ಸಭಿಕರೇ, ಆಗ ನನಗೆ ಸಿಟ್ಟು ಬರಬೇಕಿತ್ತು. ನನ್ನ ಮಗಳನ್ನು ಕೇಳಿ, ಚಹಾ ಆರಿದ್ದರೂ ಬರುತ್ತದೆ. ಆದರೆ ನಿನ್ನೆ ಬರಲಿಲ್ಲ. ಎದ್ದು ಕುಣಿಯುವ ಹಾಗಾಯಿತು! ನನ್ನ ಮೊಮ್ಮಗಳು, ಅಪ್ಪನ ಮಾತು ಅಂದರೂ ಬಿಡದೆ, ಬೇರು ಹಿಡಿದು ಎಳೆದಳಲ್ಲ!

ಈ ಪ್ರಶ್ನೆಗಳು ಅವಳಿಗೆ ಎಲ್ಲಿಂದ ಬಂದವು? ನನಗೆ ಗೊತ್ತು, ನಾನೇ ಕಿವಿಯಾರೆ ಕೇಳಿದ್ದೇನೆ. ಕಪಾಟಿನ ಕೀಲು ಸಡಿಲವಾಗಿದೆಯೇನೋ ನೋಡೋಣ ಅಂತ ನಾನು ಆಗಾಗ ಲೈಬ್ರರಿಗೆ ಹೋಗುತ್ತಿದ್ದೆ. ಮನೆಯವಳು ತೀರಿಕೊಂಡ ಮೇಲೆ ವಾರವಾರವೂ ಹೋಗುತ್ತಿದ್ದೆ. ನಾನು ಮಾಡಿದ ಕೀಲು ಇವತ್ತಿನವರೆಗೆ ಸಡಿಲವಾಗಿಲ್ಲ, ಆ ಮಾತು ಬೇರೆ. ಮೇಡಂಗೂ ಅದು ಗೊತ್ತಿತ್ತು ಅಂತ ಕಾಣುತ್ತದೆ. "ಬನ್ನಿ, ಆ ಮೂಲೆ ಕಪಾಟು ಒಂಚೂರು ನೋಡಿ" ಅಂತ ಕುರ್ಚಿ ಎಳೆದುಕೊಡುತ್ತಿದ್ದರು.

ಈ ಶಾಲೆಯಲ್ಲಿ ಮಗು ಏನೇ ಬರೆದರೂ ಮೊದಲು ಆ ಮೇಜಿಗೆ ತರಬೇಕು. ಮೇಡಂ ಕೇಳುತ್ತಾರೆ: ಇದು ಯಾರ ಮಾತು? ಅವರಿಗೆ ಹೇಗೆ ಗೊತ್ತು? ಇನ್ನೊಬ್ಬರು ಹೇಳಿದ್ದಾರಾ? ಬರೆದದ್ದರ ಕೊನೆಗೆ, ಏನು ಯಾರಿಂದ ಬಂತು ಎಂದು ಒಂದು ಸಾಲು. ಅದಕ್ಕೆ ಅವರಿಟ್ಟ ಹೆಸರು ಋಣದ ಸಾಲು. ಒಮ್ಮೆ ಒಬ್ಬ ಪುಟಾಣಿ ಚಿಟ್ಟೆಯ ಬಗ್ಗೆ ಬರೆದು ತಂದ: "ನನ್ನ ಮೂವತ್ತು ವರ್ಷಗಳ ಸಂಶೋಧನೆಯಲ್ಲಿ..." ನಾನಾಗಿದ್ದರೆ ಕಿವಿ ಹಿಂಡುತ್ತಿದ್ದೆ. ಮೇಡಂ ಗಂಭೀರವಾಗಿ ಕೇಳಿದರು, "ಮರೀ, ಹಾಗಾದ್ರೆ ನೀನು ನಿಮ್ಮಪ್ಪನಿಗಿಂತ ದೊಡ್ಡೋನಾ?" ಅವನೂ ನಕ್ಕ. "ಆ ಸಂಶೋಧಕರ ಹೆಸರು ಕೊನೆಗೆ ಬರಿ. ಅದಕ್ಕೂ ಮುಂಚೆ ನೀನು ಕಣ್ಣಾರೆ ಕಂಡದ್ದು ಬರಿ." ಆಮೇಲೆ ಅವನು ಮನೆಯ ನಿಂಬೆಗಿಡದ ಹುಳುವಿನ ಬಗ್ಗೆ ಬರೆದು ಓದಿದ್ದಿದೆಯಲ್ಲ, ನಾನು ಕೆಲಸ ಬಿಟ್ಟು ಕೇಳಿದೆ!

ಇನ್ನೊಮ್ಮೆ, ಓಟದಲ್ಲಿ ಬಿದ್ದು ಅಳುತ್ತಿದ್ದ ಹುಡುಗಿಯ ಫೋಟೋ ಹಿಡಿದು ದೊಡ್ಡ ಹುಡುಗರು ಕಿಸಿಕಿಸಿ ನಗುತ್ತಿದ್ದರು, ಊರಿಗೆಲ್ಲ ಕಳಿಸಲು ಸಿದ್ಧ. ಮೇಡಂ ಕೇಳಿದ್ದು ಒಂದೇ ಮಾತು: "ಅವಳನ್ನ ಕೇಳಿದ್ರಾ?" ಫೋಟೋ ಅಲ್ಲೇ ಅಳಿಸಿಹೋಯಿತು.

ಅಳಿಯಂದಿರೇ, ನೀವು ಕೆಟ್ಟವರಲ್ಲ. ಕೆಲಸದ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡಿರಿ. ಎಲ್ಲ ಫೋನಲ್ಲೇ ಸಿಗುತ್ತದೆ ಅಂದಿರಿ. ಹೌದು, ಎಲ್ಲ ಸಿಗುತ್ತದೆ. ಕ್ರೇನೂ ಸಿಗುತ್ತದೆ! ಸಿಕ್ಕಿದ್ದನ್ನು ತಿರುಗಿಸಿ ನೋಡುವುದನ್ನು ನಿಮ್ಮ ಮಗಳಿಗೆ ಕಲಿಸಿದವರು ಯಾರು? ಫೋನೇ? ನಾಳೆ ಆ ಮೇಜಿನ ಹಿಂದೆ ಯಾರೂ ಇಲ್ಲದಿದ್ದರೆ ಉಳಿದವರ ಮಕ್ಕಳಿಗೆ ಕಲಿಸುವವರು ಯಾರು?

ಈಗ ಕಪಾಟಿನ ವಿಷಯ. ಅವಕ್ಕೆ ಒಂದೂ ಮೊಳೆ ಹೊಡೆದಿಲ್ಲ. ಮರಕ್ಕೆ ಮರ ಕಚ್ಚಿಸಿದ ಕೆಲಸ. ಯಾವ ಕೀಲು ಮೊದಲು, ಯಾವುದು ಆಮೇಲೆ ಎಂದು ತಿಳಿದವನು ಬಿಚ್ಚಿದರೆ ಬಿಚ್ಚುತ್ತವೆ. ತಿಳಿಯದವನು ಕೈ ಹಾಕಿದರೆ ಸೌದೆ. ತಿಳಿದವನು ನಾನೊಬ್ಬನೇ, ನಾನು ಬಿಚ್ಚುವುದಿಲ್ಲ! ಅಳಿಯ ಮುನಿಸಿಕೊಳ್ಳಲಿ, ಮಗಳು ಮಾತು ಬಿಡಲಿ, ಬಿಚ್ಚುವುದಿಲ್ಲ!

ಅಧ್ಯಕ್ಷರೇ, ಇಷ್ಟು ಜನರೆದುರು ಕೇಳುತ್ತೇನೆ. ಆ ಮೇಜಿಗೆ ಇನ್ನೊಬ್ಬರನ್ನು ತರುತ್ತೀರೋ ಇಲ್ಲವೋ? ತಲೆ ಆಡಿಸಿದರೆ ನಡೆಯುವುದಿಲ್ಲ, ಮೈಕು ತಗೊಳ್ಳಿ... ಕೇಳಿದಿರಾ? "ತರ್ತೀವಿ" ಅಂದರು! ಚಪ್ಪಾಳೆ ನಿಲ್ಲಿಸಿ, ಮೊದಲು ಪರೀಕ್ಷೆ ಆಗಲಿ. ಮಕ್ಕಳೇ, ಇದು ಯಾರ ಮಾತು? ಅಧ್ಯಕ್ಷರದು. ಅವರಿಗೆ ಹೇಗೆ ಗೊತ್ತು? ನೇಮಿಸುವವರು ಅವರೇ. ಇನ್ನೊಬ್ಬರು ಹೇಳಿದ್ದಾರಾ? ಅಳಿಯಂದಿರೇ, ಎದ್ದು ನಿಂತು ಹೇಳಿ... ಆಹಾ! ಹೇಳಿದರು! ಈಗ ಹೊಡೆಯಿರಿ ಚಪ್ಪಾಳೆ!

ಮುಗಿಸುವ ಮೊದಲು ನನ್ನ ಋಣದ ಸಾಲು. ಪ್ರಶ್ನೆಗಳು ಮೇಡಂ ಅವರವು, ನನ್ನವರೆಗೆ ತಂದವಳು ಮೊಮ್ಮಗಳು. ಹಡಗು ಮತ್ತು ಕ್ರೇನು, ನಾನು ಕಾಣದ ಯಾರೋ ಬಂದರಿನವರದು. ಅವರ ನಿವೃತ್ತಿಯೂ ಸುಖವಾಗಿರಲಿ. ಕೀಲಿನ ವಿದ್ಯೆ ಅಪ್ಪನದು. ವಾರವಾರ ಎಳೆದುಕೊಟ್ಟ ಕುರ್ಚಿ ಮೇಡಂ ಅವರದು, ಆ ಋಣ ತೀರುವಂಥದ್ದಲ್ಲ. ಸಿಟ್ಟು ಮಾತ್ರ ಸ್ವಂತದ್ದು, ಎಲ್ಲಿಂದಲೂ ಎತ್ತಿದ್ದಲ್ಲ.

ಕೂತು ಕೇಳಿದ್ದಕ್ಕೆ ಧನ್ಯವಾದ. ಮೇಡಂ, ನಿಮಗೆ ಮೊದಲು, ಆಮೇಲೆ ಎಲ್ಲರಿಗೂ, ನಮಸ್ಕಾರ.