ಸಾಕ್ಷಿಗೆ ಒಂದು ಲೋಟ ಚಹಾ

ಕೋರ್ಟಿನ ಪಡಸಾಲೆಯಲ್ಲಿ ತಮ್ಮ ಸರದಿಗೆ ಕಾಯುತ್ತ, ಮನಸ್ಸಿನಲ್ಲೇ ದೇವರ ನಾಮ ಹೇಳಿಕೊಳ್ಳುತ್ತಿದ್ದ ನಿವೃತ್ತ ಮೇಷ್ಟ್ರ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಕಾನೂನು ಓದುವ ಹುಡುಗಿಯರಿಬ್ಬರು, ಒಬ್ಬರೇ ವಕೀಲರ ಕೈಕೆಳಗೆ ಕೆಲಸ ಕಲಿಯುವವರು.

“ಮುಂದಿನ ಸಮಾಜ ಹೇಗಿರುತ್ತೆ ಅನ್ನೋ ಪ್ರಬಂಧ ಬರೆದ್ಯೇನೇ?”

“ಎರಡು ಸಾಲು ಬರೆದು ಹರಿದು ಹಾಕ್ದೆ.”

“ಎಲ್ಲರಿಗೂ ನ್ಯಾಯ ಸಿಗುತ್ತೆ ಅಂತ ಗೀಚಿಬಿಡೇ. ಮಾರ್ಕ್ಸು ಗ್ಯಾರಂಟಿ.”

“ಆ ಮೂಲೇಲಿ ಕೂತಿರೋ ಅಜ್ಜಿ ಎದುರು ಪಾರ್ಟಿ ಸಾಕ್ಷಿ. ಅವರ ಹೆಸರು ಕೂಗೋ ಹೊತ್ತಿಗೆ ನಾನು ಅವರನ್ನ ಕ್ಯಾಂಟೀನಲ್ಲಿ ಕೂರಿಸಿರಬೇಕಂತೆ. ಆಗ ಕೇಸು ಮತ್ತೆ ಮುಂದಕ್ಕೆ ಹೋಗುತ್ತೆ ಅಂದ್ರು ಸರ್.”

“ಇದೊಂದ್ಸಲ ಮಾಡೇ. ಮುಂದೆ ಜಡ್ಜಾಗಿ ಎಲ್ಲಾ ಸರಿ ಮಾಡುವಿಯಂತೆ.”

“ಸರ್‌ಗೂ ಅವರ ಸೀನಿಯರ್ ಹಾಗೇ ಹೇಳಿದ್ರಂತೆ. ನಗ್ತಾ ಹೇಳಿದ್ರು.”

“ಹಾಗಾದ್ರೆ ಆಗಲ್ಲ ಅನ್ನು.”

“ನಾಳೆಯಿಂದ ಬರಬೇಡ ಅಂತಾರೆ. ಚಹಾ ಕುಡಿಸೋಕೆ ನಿನ್ನನ್ನ ಕಳಿಸ್ತಾರೆ. ನೀನು ಹೋಗಲ್ವಾ?”

ಗೆಳತಿ ಕೈಯಲ್ಲಿದ್ದ ಫೈಲು ತಿರುವತೊಡಗಿದಳು. ಹುಡುಗಿ ಚೀಲವನ್ನು ಹೆಗಲಿಗೇರಿಸಿ ಮೂಲೆಯತ್ತ ನಡೆದಳು. ಏನೋ ಹೇಳಲು ಬಾಯಿ ತೆರೆದ ಮೇಷ್ಟ್ರು ಮತ್ತೆ ದೇವರ ನಾಮಕ್ಕೆ ತಿರುಗಿದರು.

“ಅಜ್ಜಿ, ನಿಮ್ಮನ್ನ ಕೂಗೋಕೆ ಇನ್ನೂ ಹೊತ್ತಿದೆ. ಬನ್ನಿ, ಚಹಾ ಕುಡಿಯೋಣ.”

“ಬೆಳಗ್ಗಿಂದ ಒಬ್ಬರೂ ಕೇಳಿರಲಿಲ್ಲ ಕಣಮ್ಮ. ನಿನ್ನಂಥೋರೇ ವಕೀಲರಾಗ್ಬೇಕು,” ಎನ್ನುತ್ತ ಅಜ್ಜಿ ಅವಳ ಕೈ ಹಿಡಿದುಕೊಂಡು ಮೆಟ್ಟಿಲಿಳಿದರು.