ಮೈದುನ ಮುರಿದನೆಂಬ ಹಲ್ಲಿನ ಬಗ್ಗೆ ರತ್ನಾವತಿಯವರ ಹೇಳಿಕೆ

ನಾನು ರತ್ನಾವತಿ, ಗಂಡನ ಹೆಸರು ವಿಷ್ಣುಮೂರ್ತಿ, ವಯಸ್ಸು 47 ವರ್ಷ, ಕೇಟರಿಂಗ್ ಅಡುಗೆ ಕೆಲಸ, ವಾಸ ಬಾಲಿಗಂಜ್, ಕೊಲ್ಕತ್ತ, ಸ್ವಂತ ಊರು ಉಡುಪಿಯ ಹತ್ತಿರ. ನನಗೆ ಬಂಗಾಳಿಯಲ್ಲಿ ತರಕಾರಿ ಚೌಕಾಸಿ ಮಾಡಲು ಬರುತ್ತದೆ, ಇಂಥ ವಿಷಯ ಹೇಳಲು ಬರುವುದಿಲ್ಲ. ಆದ್ದರಿಂದ ಠಾಣೆಯ ಮುಖ್ಯಾಧಿಕಾರಿ ಬಡೋಬಾಬು ಅವರ ಒಪ್ಪಿಗೆಯಿಂದ, ರೈಲ್ವೆಯಲ್ಲಿರುವ ನಮ್ಮ ನೆರೆಯ ನರಸಿಂಹಮೂರ್ತಿಯವರು ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದಾರೆ. ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಅಡುಗೆಮನೆಯಿಂದ ಸೆಕ್ಟರ್ ಫೈವ್‌ನ ಸಾಫ್ಟ್‌ವೇರ್ ಆಫೀಸುಗಳಿಗೆ ಮಧ್ಯಾಹ್ನದ ಊಟದ ಡಬ್ಬಿ ಹೋಗುತ್ತದೆ. ಅಲ್ಲಿಯವರಿಗೆ ಸಾಂಬಾರು ತಿಂದು ಸಾಕಾಗಿದೆ, ಮೀನು ಬೇಕಂತೆ. ಬೇರೆ ಒಲೆ, ಬೇರೆ ಪಾತ್ರೆ ಇಟ್ಟು ಮೀನೂಟ ಶುರು ಮಾಡೋಣವೆಂದು ಮೈದುನ ಶ್ರೀರಾಮ ಹೇಳುತ್ತಲೇ ಇದ್ದ. ತಾವು ಬದುಕಿರುವವರೆಗೆ ಆಗದೆಂದು ಯಜಮಾನರು ಹಟ ಹಿಡಿದಿದ್ದರು.

ಈ ದಿನ ಬೆಳಿಗ್ಗೆ ಒಂಬತ್ತು ಗಂಟೆಗೆ ಶ್ರೀರಾಮ ಒಂದು ಚೀಲ ರುಯಿ ಮೀನು ತಂದು ಹೊಸ್ತಿಲಲ್ಲಿಟ್ಟ. ಯಜಮಾನರು ಚೀಲವನ್ನು ಒದ್ದರು. ಅವನು ಇವರನ್ನು ತಳ್ಳಿದ. ಇವರ ಮುಖ ಗ್ರೈಂಡರಿನ ಅಂಚಿಗೆ ಬಡಿದು ತುಟಿ ಒಡೆಯಿತು, ಮುಂದಿನ ಒಂದು ಹಲ್ಲು ಹಾರಿ ಮೋರಿಗೆ ಬಿತ್ತು. ನಾನು ಎರಡು ಮಾರು ದೂರದಲ್ಲಿ ಕಾಯಿ ತುರಿಯುತ್ತಿದ್ದೆ, ಎಲ್ಲವನ್ನೂ ಕಣ್ಣಾರೆ ಕಂಡಿದ್ದೇನೆ. ಯಜಮಾನರು ಸಿಟ್ಟಿನಲ್ಲಿ ನೇರ ಠಾಣೆಗೆ ಬಂದು, ತಮ್ಮ ಹಲ್ಲನ್ನು ಶ್ರೀರಾಮ ಮುರಿದನೆಂದು ದೂರು ಕೊಟ್ಟರು. ಪೊಲೀಸರು ಅವನನ್ನು ಕರೆತಂದು ಬೆಂಚಿನ ಮೇಲೆ ಕೂರಿಸಿದರು.

ಬಡೋಬಾಬು ನಮಗೆ ಕಾನೂನು ತಿಳಿಸಿದರು. ತುಟಿ ಮಾತ್ರ ಒಡೆದಿದ್ದರೆ ಅದು ಸಾದಾ ಗಾಯ, ಸಣ್ಣ ಅಪರಾಧ, ಕೋರ್ಟಿನ ಅಪ್ಪಣೆಯಿಲ್ಲದೆ ತಾವು ಬಂಧಿಸುವಂತಿಲ್ಲ ಎಂದರು. ಹಲ್ಲು ಮುರಿದರೆ ಅದು ಮೂಳೆ ಮುರಿದಷ್ಟೇ ದೊಡ್ಡ ಅಪರಾಧ, ನೇರ ಬಂಧನ, ಏಳು ವರ್ಷದವರೆಗೆ ಶಿಕ್ಷೆಯಾಗಬಹುದು ಎಂದರು. ಏಳು ವರ್ಷ ಎಂದದ್ದೇ ಯಜಮಾನರ ಮುಖ ಬಿಳಿಚಿಕೊಂಡಿತು. ಆದರೂ ದೂರನ್ನು ಬದಲಿಸಲಿಲ್ಲ, ಡಾಕ್ಟರಿಗೆ ಬಾಯಿ ತೋರಿಸಲೂ ಒಪ್ಪಲಿಲ್ಲ. ಕಾರಣ ಅವರಿಗೆ ಗೊತ್ತು, ನನಗೂ ಗೊತ್ತು.

ಹಾರಿಹೋದದ್ದು ಕಟ್ಟಿಸಿದ ಹಲ್ಲು. ನಿಜವಾದದ್ದು ನಮ್ಮ ಮದುವೆಗೆ ಮುಂಚೆಯೇ ಹೋಗಿತ್ತು. ಮದುವೆಯಾದ ತಿಂಗಳಲ್ಲೇ, ಹಲ್ಲು ತೆಗೆದಿಟ್ಟು ಮಲಗಿದ್ದ ಇವರು ನಿದ್ದೆಯಲ್ಲಿ ನಕ್ಕಾಗ ಆ ಕಿಂಡಿ ಕಂಡಿದ್ದೆ. ಎಷ್ಟು ಮುದ್ದಾಗಿತ್ತೆಂದರೆ ಕೇಳಲು ಮನಸ್ಸಾಗಲಿಲ್ಲ. ಅಂದಿನಿಂದ ಚಕ್ಕುಲಿಯನ್ನು ಮುರಿದು ಮೊಸರಿನಲ್ಲಿ ನೆನೆಸಿ, ನನಗೆ ಹಾಗೇ ಇಷ್ಟವೆಂದು ಸುಳ್ಳು ಹೇಳಿ, ಇಬ್ಬರೂ ತಿನ್ನುತ್ತಿದ್ದೇವೆ. ನನಗೆ ಗೊತ್ತಿರುವುದು ಅವರಿಗೆ ಇವತ್ತಿನವರೆಗೂ ಗೊತ್ತಿಲ್ಲ.

ಅದು ಕಟ್ಟಿಸಿದ ಹಲ್ಲೆಂದು ಶ್ರೀರಾಮನಿಗೂ ಗೊತ್ತು. ಹೆಣ್ಣು ನೋಡಲು ಹೊರಡುವ ಮುಂಚೆ ಅಣ್ಣನನ್ನು ಮಂಗಳೂರಿಗೆ ಕರೆದೊಯ್ದು ಹಲ್ಲು ಕಟ್ಟಿಸಿದವನೇ ಅವನೆಂದು ತೀರಿಹೋದ ನಮ್ಮ ಅತ್ತೆ ನನಗೆ ಹೇಳಿದ್ದರು. ಆ ಒಂದು ಮಾತು ಹೇಳಿದ್ದರೆ, ಇದು ಬರೀ ತುಟಿಯ ಗಾಯವೆಂದಾಗಿ ಅವನು ಆಗಲೇ ಮನೆಗೆ ಹೋಗಬಹುದಿತ್ತು. ಬಡೋಬಾಬು ಮೂರು ಸಲ ಕೇಳಿದರೂ ನನ್ನ ಮುಖ ನೋಡಿ, ತಾನು ತಳ್ಳಿದ್ದು ನಿಜ, ಹಲ್ಲು ಹೋದದ್ದು ನಿಜ ಎಂದಷ್ಟೇ ಹೇಳಿ ತಲೆ ತಗ್ಗಿಸಿದ. ಅತ್ತಿಗೆಯ ಎದುರು ಅಣ್ಣನ ಮಾನ ಹೋಗಬಾರದೆಂದು ಜೈಲಿಗೆ ಹೋಗಲು ಹೊರಟಿದ್ದಾನೆ, ಪೆದ್ದ. ನನಗೆ ಅಳು ತಡೆಯಲಾಗಲಿಲ್ಲ, ಅದಕ್ಕೇ ಈ ಹೇಳಿಕೆ.

ಇದನ್ನು ಯಜಮಾನರಿಗೆ ಓದಿ ಹೇಳುವಾಗ, ಹಲ್ಲಿನ ಸಂಗತಿಗಿಂತ ಮೊದಲು ಶ್ರೀರಾಮ ಬಾಯಿ ಬಿಡಲಿಲ್ಲವೆಂಬುದನ್ನು ಓದಬೇಕೆಂದು ಕೋರುತ್ತೇನೆ.

ಬರೆದದ್ದನ್ನು ನನಗೆ ಓದಿ ಕೇಳಿಸಿದ್ದಾರೆ. ನಾನು ಹೇಳಿದ್ದೇ ಇದೆ, ಎಲ್ಲವೂ ಸತ್ಯ.

ಸ್ಥಳ: ಕೊಲ್ಕತ್ತ
ದಿನಾಂಕ: 21-11-2006
(ಸಹಿ) ರತ್ನಾವತಿ